ಎಥೆನಾಲ್‌ಗೆ ಹಾಕಿದ ಬೇಲಿ: ಬ್ರೆಜಿಲ್, ಅಮೆರಿಕ, ಬ್ರಿಟನ್ ಕಥೆ ನಮ್ಮ ಕಬ್ಬು, ಮೆಕ್ಕೆಜೋಳಕ್ಕೆ ಹೇಳುವುದೇನು?

ಇವತ್ತು ಬಂಕಿನಲ್ಲಿ ಬೈಕಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿಸಿದರೆ ಅದರಲ್ಲಿ ಸುಮಾರು 200 ಮಿಲಿಲೀಟರ್ ಎಥೆನಾಲ್ ಇರುತ್ತದೆ. ಅದು ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ, ಅಕ್ಕಿಯಿಂದ ಇಲ್ಲವೇ ಮೆಕ್ಕೆಜೋಳದಿಂದ ಬಂದದ್ದು. ಎಲ್ಲವೂ ಹೊಲದಲ್ಲಿ ಬೆಳೆದದ್ದೇ. ಹಾಗಾಗಿ ಅದರ ಬೆಲೆಯನ್ನು ಹೊಲದ ಖರ್ಚು, ಮಳೆ, ಇಳುವರಿ ಇವೇ ತೀರ್ಮಾನಿಸುತ್ತವೆ ಎಂದು ನಮಗೆ ಅನಿಸುವುದು ಸಹಜ.

ಆದರೆ ಕಳೆದ 50 ವರ್ಷಗಳ ಇತಿಹಾಸ ನೋಡಿದರೆ ಕಥೆ ಬೇರೆಯೇ ಇದೆ. ಎಥೆನಾಲ್ ಬೆಲೆಯನ್ನು ಹೊಲಕ್ಕಿಂತ ಹೆಚ್ಚಾಗಿ ದೇಶದ ಗಡಿಯಲ್ಲಿ ನಿಗದಿ ಮಾಡಿದ್ದಾರೆ. ಯಾವ ದೇಶದ ಎಥೆನಾಲ್ ಒಳಗೆ ಬರಬಹುದು, ಎಷ್ಟು ಬರಬಹುದು, ಅದರ ಮೇಲೆ ಎಷ್ಟು ಸುಂಕ, ಸಕ್ಕರೆ ಹೊರಗೆ ಹೋಗಬಹುದೇ ಇಲ್ಲವೇ ಎಂಬ ನಾಲ್ಕಾರು ಸಾಲಿನ ಆದೇಶಗಳು ರೈತನ ಒಂದು ವರ್ಷದ ದುಡಿಮೆಯನ್ನು ಎತ್ತಿವೆ, ಇಳಿಸಿವೆ.

ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು ಬೆಳೆಗಾರರಿಗೂ, ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಬೆಳೆಗಾರರಿಗೂ ಈ ಕಥೆ ಗೊತ್ತಿರಬೇಕು ಎಂದು ನಮಗೆ ಅನಿಸಿತು. ಅದಕ್ಕೇ ಇಲ್ಲಿ ಮೊದಲಿನಿಂದ ಹೇಳುತ್ತಿದ್ದೇವೆ.

ಸುಂಕ ಎಂದರೆ ಬೇಲಿ

ಆಮದು ಸುಂಕವನ್ನು ಹೊಲದ ಬೇಲಿಗೆ ಹೋಲಿಸಬಹುದು. ಹೊರಗಿನ ದನ ಒಳಗೆ ಬಂದು ಮೇಯದಂತೆ ಬೇಲಿ ತಡೆಯುತ್ತದೆ. ಹೊರದೇಶದ ಅಗ್ಗದ ಸರಕು ಒಳಗೆ ಬಂದು ನಮ್ಮ ಬೆಲೆ ಇಳಿಸದಂತೆ ಸುಂಕ ತಡೆಯುತ್ತದೆ.

ಆದರೆ ಬೇಲಿ ಹಾಕಿದ ಮಾತ್ರಕ್ಕೆ ಒಳಗಿನ ಬೆಳೆ ಚೆನ್ನಾಗಿ ಬರುವುದಿಲ್ಲ. ಗೊಬ್ಬರ ಹಾಕಬೇಕು, ನೀರು ಬಿಡಬೇಕು, ಕಳೆ ತೆಗೆಯಬೇಕು. ಬೇಲಿ ಕೊಡುವುದು ಸಮಯವನ್ನು ಮಾತ್ರ. ಆ ಸಮಯದಲ್ಲಿ ಯಾರು ಏನು ಮಾಡಿಕೊಂಡರು ಎಂಬುದರ ಮೇಲೆ ಮುಂದಿನದು ನಿಂತಿರುತ್ತದೆ. ಬೇಲಿ ಹಾಕುವುದಕ್ಕೂ ಖರ್ಚಿದೆ. ಆ ಖರ್ಚನ್ನು ಪೆಟ್ರೋಲ್ ಹಾಕಿಸುವವನು, ತೆರಿಗೆ ಕಟ್ಟುವವನು, ಕೋಳಿ ಸಾಕುವವನು, ಹೀಗೆ ಯಾರೋ ಒಬ್ಬರು ಹೊರಲೇಬೇಕು.

ಈ ಮಾತು ನೆನಪಿಟ್ಟುಕೊಂಡು ಮೊದಲು ಬ್ರೆಜಿಲ್‌ಗೆ ಹೋಗೋಣ.

1975: ಬ್ರೆಜಿಲ್ ಕಬ್ಬನ್ನು ಟ್ಯಾಂಕಿಗೆ ಸುರಿಯಿತು

ಬ್ರೆಜಿಲ್‌ಗೆ ಕಬ್ಬು ಹೊಸದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅಲ್ಲಿ ಕಬ್ಬಿನ ತೋಟ ಮಾಡಿದರು. 1931ರಲ್ಲೇ ಆಮದು ಪೆಟ್ರೋಲ್‌ಗೆ ಶೇ 5ರಷ್ಟು ಎಥೆನಾಲ್ ಬೆರೆಸಬೇಕು ಎಂದು ಅಲ್ಲಿನ ಸರ್ಕಾರ ಆದೇಶ ಮಾಡಿತ್ತು.

ದೊಡ್ಡ ತಿರುವು ಬಂದದ್ದು 1973ರಲ್ಲಿ. ಅರಬ್ ದೇಶಗಳು ತೈಲ ಪೂರೈಕೆ ಬಿಗಿ ಮಾಡಿದಾಗ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಆಗ ಬ್ರೆಜಿಲ್ ತನಗೆ ಬೇಕಾದ ತೈಲದಲ್ಲಿ ಸುಮಾರು ಶೇ 80ರಷ್ಟನ್ನು ಹೊರಗಿನಿಂದ ತರುತ್ತಿತ್ತು. ಅದರ ಬೆನ್ನಿಗೇ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಸಕ್ಕರೆ ಬೆಲೆ ಕುಸಿಯಿತು. ಒಂದು ಕಡೆ ತೈಲಕ್ಕೆ ದುಡ್ಡಿಲ್ಲ, ಇನ್ನೊಂದು ಕಡೆ ಸಕ್ಕರೆ ಕೇಳುವವರಿಲ್ಲ.

1975ರ ನವೆಂಬರ್ 14ರಂದು ಜನರಲ್ ಅರ್ನೆಸ್ಟೊ ಗೈಸೆಲ್ ನೇತೃತ್ವದ ಮಿಲಿಟರಿ ಸರ್ಕಾರ 'ಪ್ರೊಆಲ್ಕೂಲ್' ಎಂಬ ಯೋಜನೆ ಶುರು ಮಾಡಿತು. ಡಿಸ್ಟಿಲರಿ ಕಟ್ಟಲು ಕಡಿಮೆ ಬಡ್ಡಿ ಸಾಲ ಕೊಟ್ಟರು. ತಯಾರಾದ ಎಥೆನಾಲನ್ನು ಸರ್ಕಾರಿ ತೈಲ ಕಂಪನಿ ಪೆಟ್ರೊಬ್ರಾಸ್ ಕೊಳ್ಳುತ್ತಿತ್ತು. ಬಂಕಿನಲ್ಲಿ ಎಥೆನಾಲ್ ದರ ಪೆಟ್ರೋಲ್‌ಗಿಂತ ಕಡಿಮೆಯೇ ಇರುವಂತೆ ನೋಡಿಕೊಂಡರು. 1979ರಲ್ಲಿ ಪೂರ್ತಿ ಎಥೆನಾಲ್‌ನಲ್ಲೇ ಓಡುವ ಫಿಯೆಟ್ 147 ಕಾರು ಬಂತು. 1980ರ ದಶಕದ ಮಧ್ಯಕ್ಕೆ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಎಥೆನಾಲ್ ಕಾರುಗಳೇ.

ಆಮೇಲೆ ಏಟು ಬಿತ್ತು. 1986ರಲ್ಲಿ ತೈಲ ಬೆಲೆ ಕುಸಿಯಿತು. ಸರ್ಕಾರದ ಕೈಲಿ ಸಬ್ಸಿಡಿಗೆ ಹಣವಿಲ್ಲ. ಅಷ್ಟರಲ್ಲಿ ಸಕ್ಕರೆ ಬೆಲೆ ಏರಿದ್ದರಿಂದ ಕಬ್ಬು ಸಕ್ಕರೆಯ ಕಡೆಗೆ ವಾಲಿತು. 1989ರಲ್ಲಿ ಬಂಕುಗಳ ಮುಂದೆ ಎಥೆನಾಲ್‌ಗಾಗಿ ಸಾಲು ನಿಂತಿತು. ಜಗತ್ತಿಗೆ ಎಥೆನಾಲ್ ಪಾಠ ಹೇಳಿದ ದೇಶವೇ ಹೊರಗಿನಿಂದ ಎಥೆನಾಲ್ ತರಿಸಬೇಕಾಯಿತು. ಜನ ಎಥೆನಾಲ್ ಕಾರು ಕೊಳ್ಳುವುದನ್ನೇ ಬಿಟ್ಟರು.

ಆ ಪೆಟ್ಟಿನಿಂದ ಬ್ರೆಜಿಲ್ ಕಲಿಯಿತು. 1990ರ ದಶಕದಲ್ಲಿ ಸರ್ಕಾರ ಬೆಲೆ ನಿಗದಿ ಮಾಡುವ ಕೆಲಸದಿಂದ ಹಂತಹಂತವಾಗಿ ಹಿಂದೆ ಸರಿಯಿತು. ಸಕ್ಕರೆಗೂ ಸೈ, ಎಥೆನಾಲ್‌ಗೂ ಸೈ ಎನ್ನುವಂಥ ಕಾರ್ಖಾನೆಗಳು ಬೆಳೆದವು. ಅವು ಕಬ್ಬಿನ ಸಿಪ್ಪೆಯನ್ನೇ ಉರಿಸಿ ತಮಗೆ ಬೇಕಾದ ಉಗಿ, ವಿದ್ಯುತ್ ಮಾಡಿಕೊಂಡವು. 2003ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಪೆಟ್ರೋಲ್, ಎಥೆನಾಲ್ ಎರಡರಲ್ಲೂ ಓಡುವ 'ಫ್ಲೆಕ್ಸ್' ಕಾರು ತಂದಿತು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಎಥೆನಾಲ್ ದರ ಪೆಟ್ರೋಲ್ ದರದ ಶೇ 70ಕ್ಕಿಂತ ಕೆಳಗಿದ್ದರೆ ಅದನ್ನು ಹಾಕಿಸು, ಮೇಲಿದ್ದರೆ ಬಿಡು ಎಂಬ ಲೆಕ್ಕ ಅಲ್ಲಿನ ಚಾಲಕರಿಗೆ ಬಾಯಿಪಾಠ.

ಹೀಗೆ 2000ದ ಹೊತ್ತಿಗೆ ಬ್ರೆಜಿಲ್‌ನ ಕಬ್ಬಿನ ಎಥೆನಾಲ್ ಜಗತ್ತಿನ ಅತಿ ಅಗ್ಗದ ಎಥೆನಾಲ್‌ಗಳಲ್ಲಿ ಒಂದಾಗಿತ್ತು. ಅದನ್ನು ಕೊಳ್ಳಬಲ್ಲ ದೊಡ್ಡ ಗಿರಾಕಿ ಅಮೆರಿಕ. ಆದರೆ ಅಮೆರಿಕ ಅಷ್ಟರಲ್ಲಾಗಲೇ ಬೇಲಿ ಹಾಕಿ ಕೂತಿತ್ತು.

1980: ಅಮೆರಿಕದ 54 ಸೆಂಟ್ ಬೇಲಿ

ಅಮೆರಿಕದ ಕಥೆಯೂ ತೈಲದ ಬಿಕ್ಕಟ್ಟಿನಿಂದಲೇ ಶುರು. 1978ರಲ್ಲಿ ಅಲ್ಲಿನ ಸಂಸತ್ತು ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ತೆರಿಗೆ ವಿನಾಯಿತಿ ಕೊಟ್ಟಿತು. 1980ರ ಜನವರಿಯಲ್ಲಿ, ಅಫ್ಘಾನಿಸ್ತಾನಕ್ಕೆ ಸೇನೆ ನುಗ್ಗಿಸಿದ ಸೋವಿಯತ್ ಒಕ್ಕೂಟಕ್ಕೆ ಶಿಕ್ಷೆ ಕೊಡಲು ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ದೇಶಕ್ಕೆ ಹೋಗಬೇಕಿದ್ದ ಧಾನ್ಯ ತಡೆದರು. ಶಿಕ್ಷೆ ರಷ್ಯಾಕ್ಕೆ, ಏಟು ಅಯೋವಾ, ಇಲಿನಾಯ್ಸ್‌ನ ಮೆಕ್ಕೆಜೋಳ ಬೆಳೆಗಾರರಿಗೆ. ಮಾರಾಟವಾಗದ ಮೆಕ್ಕೆಜೋಳಕ್ಕೆ ಎಥೆನಾಲ್ ಒಂದು ದಾರಿಯಾಗಿ ಕಂಡಿತು.

ಆದರೆ ಒಂದು ತೊಡಕು ಎದುರಾಯಿತು. ತೆರಿಗೆ ವಿನಾಯಿತಿ ಸಿಗುತ್ತಿದ್ದುದು ಬೆರೆಸುವ ಕಂಪನಿಗೆ. ಆ ಕಂಪನಿ ಬ್ರೆಜಿಲ್ ಎಥೆನಾಲ್ ಬೆರೆಸಿದರೂ ವಿನಾಯಿತಿ ಸಿಗುತ್ತದೆ. ಅಂದರೆ ಅಮೆರಿಕದ ತೆರಿಗೆ ಹಣ ಬ್ರೆಜಿಲ್ ಕಾರ್ಖಾನೆಗೆ ಸೇರಿದಂತೆ. ಅದನ್ನು ತಡೆಯಲು 1980ರ ಕೊನೆಯಲ್ಲಿ ಆಮದು ಎಥೆನಾಲ್ ಮೇಲೆ ವಿಶೇಷ ಸುಂಕದ ಕಾನೂನು ಮಾಡಿದರು. ಮಾಮೂಲಿ ಶೇ 2.5 ಸುಂಕ ಇದ್ದೇ ಇತ್ತು. ಈ ಹೊಸ ಸುಂಕ ಮುಂದೆ ಗ್ಯಾಲನ್‌ಗೆ 54 ಸೆಂಟ್‌ಗೆ ಬಂದು ನಿಂತಿತು. ಅಲ್ಲಿನ ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಅಂದರೆ ಲೀಟರಿಗೆ 14 ಸೆಂಟ್.

ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ. ಸುಂಕ ಇರುವುದು ಸಬ್ಸಿಡಿಯನ್ನು ಸರಿದೂಗಿಸಲು ಮಾತ್ರ ಎಂದು ಅಮೆರಿಕ ಹೇಳುತ್ತಿತ್ತು. ಆದರೆ 2009ರಲ್ಲಿ ಸಬ್ಸಿಡಿಯನ್ನು ಗ್ಯಾಲನ್‌ಗೆ 45 ಸೆಂಟ್‌ಗೆ ಇಳಿಸಿದಾಗ ಸುಂಕ ಇಳಿಸಲಿಲ್ಲ. 54 ಹಾಗೇ ಉಳಿಯಿತು. ಸರಿದೂಗಿಸುವ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ಬೇಲಿ ಮಾತ್ರ.

ಜಮೈಕಾ ದಾರಿ

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಗಾದೆ ನಮ್ಮಲ್ಲಿದೆಯಲ್ಲ, ಬ್ರೆಜಿಲ್ ಎಥೆನಾಲ್ ಮಾರುವವರು ಅದನ್ನೇ ಮಾಡಿದರು.

1983ರಲ್ಲಿ ಅಮೆರಿಕ ತನ್ನ ಪಕ್ಕದ ಕೆರಿಬಿಯನ್ ದೇಶಗಳಿಗೆ ಸುಂಕವಿಲ್ಲದೆ ಸರಕು ಕಳಿಸುವ ಅವಕಾಶ ಕೊಟ್ಟಿತ್ತು. ಬ್ರೆಜಿಲ್‌ನಿಂದ ಸ್ವಲ್ಪ ನೀರಿನ ಅಂಶ ಉಳಿದ ಎಥೆನಾಲನ್ನು ಹಡಗಿನಲ್ಲಿ ಜಮೈಕಾ, ಕೋಸ್ಟರಿಕಾ, ಎಲ್ ಸಾಲ್ವಡಾರ್‌ಗೆ ತಂದರು. ಅಲ್ಲಿನ ಘಟಕದಲ್ಲಿ ನೀರು ತೆಗೆದರು. ನೀರು ತೆಗೆದ ಕೂಡಲೇ ಅದು ಕೆರಿಬಿಯನ್ ಸರಕಾಯಿತು. ಅಲ್ಲಿಂದ ಅಮೆರಿಕಕ್ಕೆ ಸುಂಕವಿಲ್ಲದೆ ಹೋಯಿತು. ಇದಕ್ಕೂ ಮಿತಿ ಇತ್ತು. ಅಮೆರಿಕದ ಎಥೆನಾಲ್ ಬಳಕೆಯ ಶೇ 7ರಷ್ಟು ಮಾತ್ರ ಹೀಗೆ ಹೋಗಬಹುದಿತ್ತು.

ಸುಂಕದ ಬೇಲಿ ಸರಕನ್ನು ಪೂರ್ತಿ ನಿಲ್ಲಿಸುವುದಿಲ್ಲ, ಸುತ್ತುಬಳಸಿ ಬರುವಂತೆ ಮಾಡುತ್ತದೆ. ಆ ಸುತ್ತಿನ ಹಡಗು ಬಾಡಿಗೆ, ನಡುವಿನವರ ಲಾಭ ಎಲ್ಲ ಕೊನೆಗೆ ಬೆಲೆಗೇ ಸೇರುತ್ತವೆ.

ಬೇಲಿಯೊಳಗೆ ಅಮೆರಿಕ ಏನು ಮಾಡಿತು?

ಮೆಕ್ಕೆಜೋಳದಿಂದ ಎಥೆನಾಲ್ ಮಾಡುವುದು ಕಬ್ಬಿಗಿಂತ ಕಷ್ಟದ ಕೆಲಸ. ಕಬ್ಬಿನಲ್ಲಿ ಸಕ್ಕರೆ ನೇರವಾಗಿಯೇ ಇದೆ. ಮೆಕ್ಕೆಜೋಳದಲ್ಲಿರುವುದು ಪಿಷ್ಟ. ಅದನ್ನು ಬೀಸಿ, ಬೇಯಿಸಿ, ಕಿಣ್ವ ಹಾಕಿ ಸಕ್ಕರೆ ಮಾಡಿ, ಆಮೇಲೆ ಹುಳಿ ಬರಿಸಬೇಕು. ಉರಿಸಲು ಸಿಪ್ಪೆ ಇಲ್ಲ, ಅನಿಲವನ್ನೋ ಕಲ್ಲಿದ್ದಲನ್ನೋ ಕೊಳ್ಳಬೇಕು.

ಆದರೂ ಅಮೆರಿಕ 30 ವರ್ಷಗಳಲ್ಲಿ ಬಹಳ ದೂರ ಬಂತು. ಕಾರ್ಖಾನೆಗಳು ದೊಡ್ಡದಾದವು. ಒಂದು ಟನ್ ಮೆಕ್ಕೆಜೋಳದಿಂದ ಸಿಗುವ ಎಥೆನಾಲ್ ಹೆಚ್ಚಿತು. ಎಥೆನಾಲ್ ತೆಗೆದ ಮೇಲೆ ಧಾನ್ಯದ ತೂಕದ ಸುಮಾರು ಮೂರನೇ ಒಂದು ಭಾಗ ಹಿಂಡಿಯಾಗಿ ಉಳಿಯುತ್ತದೆ. ಅದನ್ನು ಒಣಗಿಸಿ ದನ, ಹಂದಿ, ಕೋಳಿಗಳ ಮೇವಾಗಿ ಮಾರುವ ವ್ಯಾಪಾರ ಕಟ್ಟಿದರು. 2005 ಮತ್ತು 2007ರ ಕಾನೂನುಗಳು ಇಷ್ಟು ಜೈವಿಕ ಇಂಧನವನ್ನು ಬೆರೆಸಲೇಬೇಕು ಎಂದು ತೈಲ ಕಂಪನಿಗಳಿಗೆ ಕಟ್ಟುಪಾಡು ಹಾಕಿದವು. ಸುಮಾರು ಆ ಹೊತ್ತಿಗೆ ಅಮೆರಿಕ ಬ್ರೆಜಿಲನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಎಥೆನಾಲ್ ಉತ್ಪಾದಕ ದೇಶವಾಯಿತು.

ಇದರ ಬಿಲ್ಲು ಕಟ್ಟಿದವರು ಅಲ್ಲಿನ ತೆರಿಗೆದಾರರು. ಕೊನೆಯ ವರ್ಷಗಳಲ್ಲಿ ಸಬ್ಸಿಡಿಯ ಹೊರೆ ವರ್ಷಕ್ಕೆ ಸುಮಾರು 600 ಕೋಟಿ ಡಾಲರ್ ಮುಟ್ಟಿತ್ತು. ಮೆಕ್ಕೆಜೋಳದ ಬೆಲೆ ಏರಿತೆಂದು ಹೈನುಗಾರರು, ಮಾಂಸ ಉದ್ಯಮದವರು ವಿರೋಧಿಸುತ್ತಿದ್ದರು. 2011ರ ಡಿಸೆಂಬರ್ 31ರಂದು ಸಬ್ಸಿಡಿಯೂ 54 ಸೆಂಟ್ ಸುಂಕವೂ ಒಟ್ಟಿಗೇ ಮುಗಿದವು.

ಬೇಲಿ ಬಿತ್ತು, ಹೊಳೆ ಹಿಂದಕ್ಕೆ ಹರಿಯಿತು

ಬೇಲಿ ಬಿದ್ದ ಮೇಲೆ ಬ್ರೆಜಿಲ್ ಎಥೆನಾಲ್ ಅಮೆರಿಕಕ್ಕೆ ನುಗ್ಗುತ್ತದೆ ಎಂದು ಹಲವರು ಎಣಿಸಿದ್ದರು. ನಡೆದದ್ದು ಉಲ್ಟಾ.

2011ರಲ್ಲಿ ಬ್ರೆಜಿಲ್‌ನಲ್ಲಿ ಕಬ್ಬಿನ ಇಳುವರಿ ಕೆಟ್ಟಿತ್ತು. ಹಳೆಯ ಕೂಳೆ ಬೆಳೆ ಬದಲಿಸಿರಲಿಲ್ಲ, ಹವಾಮಾನವೂ ಕೈಕೊಟ್ಟಿತು. ಇನ್ನೊಂದು ಕಡೆ ಹಣದುಬ್ಬರ ತಡೆಯಲು ಅಲ್ಲಿನ ಸರ್ಕಾರ ಪೆಟ್ರೊಬ್ರಾಸ್ ಮೂಲಕ ಪೆಟ್ರೋಲ್ ದರವನ್ನು ಏರದಂತೆ ಹಿಡಿದಿಟ್ಟಿತ್ತು. ಪೆಟ್ರೋಲ್ ಅಗ್ಗವಾಗಿಯೇ ಇದ್ದರೆ ಎಥೆನಾಲ್ ದರ ಏರಿಸುವ ಹಾಗಿಲ್ಲ. ಕಾರ್ಖಾನೆಗಳು ಸಾಲದಲ್ಲಿ ಬಿದ್ದವು. ಆ ವರ್ಷ ಬ್ರೆಜಿಲ್ ಅಮೆರಿಕದಿಂದ ನೂರು ಕೋಟಿ ಲೀಟರ್‌ಗೂ ಹೆಚ್ಚು ಮೆಕ್ಕೆಜೋಳದ ಎಥೆನಾಲ್ ತರಿಸಿಕೊಂಡಿತು.

ಇನ್ನೂ ವಿಚಿತ್ರ ನೋಡಿ. ಅಮೆರಿಕದ ಕಾನೂನಿನಲ್ಲಿ ಕಬ್ಬಿನ ಎಥೆನಾಲ್‌ಗೆ ಪರಿಸರದ ಲೆಕ್ಕದಲ್ಲಿ ಹೆಚ್ಚು ಅಂಕ. ಕ್ಯಾಲಿಫೋರ್ನಿಯಾದಲ್ಲಂತೂ ಅದಕ್ಕೆ ಒಳ್ಳೆಯ ಬೇಡಿಕೆ. ಹೀಗಾಗಿ ಬ್ರೆಜಿಲ್‌ನ ಕಬ್ಬಿನ ಎಥೆನಾಲ್ ಹೊತ್ತ ಹಡಗು ಅಮೆರಿಕದ ಕಡೆಗೆ, ಅಮೆರಿಕದ ಮೆಕ್ಕೆಜೋಳದ ಎಥೆನಾಲ್ ಹೊತ್ತ ಹಡಗು ಬ್ರೆಜಿಲ್ ಕಡೆಗೆ. ಒಂದೇ ದ್ರವ ಒಂದೇ ಸಮುದ್ರದಲ್ಲಿ ಎದುರುಬದುರು ಪ್ರಯಾಣ ಮಾಡಿತು. ಇದನ್ನು ಮಾಡಿಸಿದ್ದು ರೈತರ ಶ್ರಮವೂ ಅಲ್ಲ, ಇಳುವರಿಯೂ ಅಲ್ಲ, ಎರಡು ದೇಶಗಳ ನಿಯಮಗಳು.

ಈಗ ಬೇಲಿ ಹಾಕುವ ಸರದಿ ಬ್ರೆಜಿಲ್‌ದು

2017ರ ಹೊತ್ತಿಗೆ ಅಮೆರಿಕದ ಎಥೆನಾಲ್ ಬ್ರೆಜಿಲ್‌ನ ಈಶಾನ್ಯ ಭಾಗದ ಬಂದರುಗಳಿಗೆ ದೊಡ್ಡ ಪ್ರಮಾಣದಲ್ಲಿ ಬರುತ್ತಿತ್ತು. ಅಲ್ಲಿನ ಕಬ್ಬು ಬೆಳೆಗಾರರು, ಕಾರ್ಖಾನೆಗಳು ಗಲಾಟೆ ಎಬ್ಬಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್ ವರ್ಷಕ್ಕೆ 60 ಕೋಟಿ ಲೀಟರ್ ತನಕ ಸುಂಕವಿಲ್ಲ, ಅದಕ್ಕಿಂತ ಮೇಲೆ ಬಂದದ್ದಕ್ಕೆ ಶೇ 20 ಸುಂಕ ಎಂದಿತು. 2019ರಲ್ಲಿ ಮಿತಿ 75 ಕೋಟಿ ಲೀಟರ್ ಆಯಿತು. 2020ರ ಕೊನೆಗೆ ಆ ವಿನಾಯಿತಿ ಮುಗಿದು ಎಲ್ಲದಕ್ಕೂ ಶೇ 20. 2022ರಲ್ಲಿ ಬೆಲೆ ಏರಿಕೆ ತಡೆಯಲು ಸೊನ್ನೆ. 2023ರಲ್ಲಿ ಮತ್ತೆ ಶೇ 16. 2024ರಿಂದ ಶೇ 18.

ಏಳು ವರ್ಷದಲ್ಲಿ ಆರು ಸಲ ನಿಯಮ ಬದಲು. ಕಬ್ಬು ನಾಟಿ ಮಾಡಿದರೆ ನಾಲ್ಕೈದು ಕೊಯ್ಲು ತೆಗೆಯುವ ಬೆಳೆ. ಒಂದು ನಾಟಿಯ ಆಯುಷ್ಯದಲ್ಲೇ ಸುಂಕ ಇಪ್ಪತ್ತರಿಂದ ಸೊನ್ನೆಗೆ, ಸೊನ್ನೆಯಿಂದ ಹದಿನೆಂಟಕ್ಕೆ ಹೋಗಿ ಬಂತು.

ಇದೇ ಶೇ 18 ಅಂಕಿಯನ್ನು ಹಿಡಿದು 2025ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸರ್ಕಾರ ತಕರಾರು ತೆಗೆಯಿತು. ನಾವು ನಿಮ್ಮ ಎಥೆನಾಲ್‌ಗೆ ಹಾಕುವುದು ಶೇ 2.5, ನೀವು ನಮ್ಮದಕ್ಕೆ ಶೇ 18, ಇದು ಅನ್ಯಾಯ ಎಂದಿತು. ಮೂವತ್ತು ವರ್ಷ 54 ಸೆಂಟ್ ಬೇಲಿ ಹಾಕಿದ್ದ ದೇಶದ ಬಾಯಲ್ಲಿ ಈ ಮಾತು ಬಂತು. ಬೇಲಿಯೊಳಗೆ ಬಲಿತವನಿಗೆ ಆಮೇಲೆ ಪಕ್ಕದವರ ಬೇಲಿಯೇ ಅಡ್ಡಿಯಾಗಿ ಕಾಣುತ್ತದೆ.

ಬ್ರಿಟನ್: ಕಾರಿಗಾಗಿ ಎಥೆನಾಲ್ ಬಿಟ್ಟುಕೊಟ್ಟ ಕಥೆ

ಬೇಲಿ ಒಂದೇ ದಿನ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ತೀರಾ ಈಚಿನ ಉದಾಹರಣೆ ಬ್ರಿಟನ್.

ಇಂಗ್ಲೆಂಡಿನ ಹಲ್ ಪಟ್ಟಣದ ಬಳಿ ವಿವೆರ್ಗೊ ಎಂಬ ದೊಡ್ಡ ಎಥೆನಾಲ್ ಕಾರ್ಖಾನೆ ಇತ್ತು. ಯಾರ್ಕ್‌ಶೈರ್ ಸುತ್ತಲಿನ ರೈತರು ಬೆಳೆದ ಮೇವಿನ ದರ್ಜೆಯ ಗೋಧಿಯನ್ನು ಅದು ಕೊಳ್ಳುತ್ತಿತ್ತು. ಎಥೆನಾಲ್ ತೆಗೆದ ಮೇಲೆ ಉಳಿದ ಹಿಂಡಿ ಮತ್ತೆ ಹೈನುಗಾರರಿಗೆ ಹೋಗುತ್ತಿತ್ತು. ಅಮೆರಿಕದ ಎಥೆನಾಲ್ ಮೇಲೆ ಬ್ರಿಟನ್ ಶೇ 19ರ ತನಕ ಸುಂಕ ಹಾಕುತ್ತಿದ್ದುದರಿಂದ ಕಾರ್ಖಾನೆ ಹೇಗೋ ಉಸಿರಾಡುತ್ತಿತ್ತು.

2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಅಮೆರಿಕದ ನಡುವೆ ವ್ಯಾಪಾರ ಒಪ್ಪಂದವಾಯಿತು. ಬ್ರಿಟನ್‌ಗೆ ತನ್ನ ಕಾರುಗಳ ಮೇಲೆ ಅಮೆರಿಕ ಹಾಕಿದ್ದ ಸುಂಕ ಇಳಿಯಬೇಕಿತ್ತು. ಅದಕ್ಕೆ ಪ್ರತಿಯಾಗಿ ಕೊಟ್ಟದ್ದರಲ್ಲಿ ಎಥೆನಾಲ್ ಒಂದು. ವರ್ಷಕ್ಕೆ 140 ಕೋಟಿ ಲೀಟರ್ ಅಮೆರಿಕದ ಎಥೆನಾಲ್ ಸುಂಕವಿಲ್ಲದೆ ಬರಬಹುದು ಎಂದು ಬ್ರಿಟನ್ ಒಪ್ಪಿತು. ಅದು ಹೆಚ್ಚುಕಡಿಮೆ ಬ್ರಿಟನ್ನಿನ ಇಡೀ ಎಥೆನಾಲ್ ಮಾರುಕಟ್ಟೆಯಷ್ಟು.

ಅದೇ ಆಗಸ್ಟ್‌ನಲ್ಲಿ ವಿವೆರ್ಗೊ ಮುಚ್ಚುವುದಾಗಿ ಅದರ ಮಾಲೀಕ ಕಂಪನಿ ಘೋಷಿಸಿತು. ನೂರೈವತ್ತಕ್ಕೂ ಹೆಚ್ಚು ಜನರ ನೇರ ಕೆಲಸ ಹೋಯಿತು. ಗೋಧಿ ಬೆಳೆದವರಿಗೆ ದೊಡ್ಡ ಗಿರಾಕಿಯೊಬ್ಬ ತಪ್ಪಿದ. ಆ ರೈತರು ಯಾವ ತಪ್ಪೂ ಮಾಡಿರಲಿಲ್ಲ. ಅವರ ಗೋಧಿಯೂ ಕೆಟ್ಟಿರಲಿಲ್ಲ. ಮಾತುಕತೆಯ ಮೇಜಿನ ಮೇಲೆ ಕಾರು ದೊಡ್ಡದಾಗಿ ಕಂಡಿತು, ಗೋಧಿ ಸಣ್ಣದಾಗಿ ಕಂಡಿತು ಅಷ್ಟೆ.

ನಮ್ಮ ಬೇಲಿಯ ಕಥೆ

ಈಗ ನಮ್ಮ ಕಡೆ ಬರೋಣ. ಭಾರತಕ್ಕೂ ಎಥೆನಾಲ್ ಹಳೆಯ ವಿಷಯವೇ. 1948ರಲ್ಲೇ ಪೆಟ್ರೋಲ್‌ಗೆ ಆಲ್ಕೊಹಾಲ್ ಬೆರೆಸುವ ಬಗ್ಗೆ ಒಂದು ಕಾಯ್ದೆ ಇತ್ತು, ಅದನ್ನು 2000ದಲ್ಲಿ ರದ್ದು ಮಾಡಿದರು. 2003ರ ಜನವರಿಯಲ್ಲಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲ್‌ಗೆ ಶೇ 5 ಎಥೆನಾಲ್ ಬೆರೆಸುವ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಕರ್ನಾಟಕವೂ ಇತ್ತು.

ಅದೇ ಹೊತ್ತಿಗೆ ಬರ ಬಿತ್ತು. ಕಬ್ಬು ಇಲ್ಲ, ಕಾಕಂಬಿ ಇಲ್ಲ. ಭಾರತ ಬ್ರೆಜಿಲ್‌ನಿಂದ ಎಥೆನಾಲ್ ತರಿಸಿತು. 2004–05ರ ಸುಮಾರಿಗೆ ಬ್ರೆಜಿಲ್‌ನ ದೊಡ್ಡ ಗಿರಾಕಿಗಳಲ್ಲಿ ನಾವೂ ಒಬ್ಬರು. ಬೆರೆಸುವ ಕಾರ್ಯಕ್ರಮ ಹಲವು ವರ್ಷ ಕುಂಟಿತು.

2018ರಲ್ಲಿ ಚಿತ್ರ ಬದಲಾಯಿತು. ದೇಶದಲ್ಲಿ ಸಕ್ಕರೆ ಹೆಚ್ಚಾಗಿ ಕಾರ್ಖಾನೆಗಳು ರೈತರ ಬಾಕಿ ಉಳಿಸಿಕೊಂಡಿದ್ದವು. ಸಕ್ಕರೆ ರಫ್ತಿಗೆ ಸಹಾಯಧನ ಕೊಟ್ಟರೆ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2021ರ ಡಿಸೆಂಬರ್‌ನಲ್ಲಿ ಅದರ ಸಮಿತಿ ಭಾರತದ ವಿರುದ್ಧವೇ ಹೇಳಿತು, ಭಾರತ ಮೇಲ್ಮನವಿ ಹಾಕಿತು. ಹೆಚ್ಚಿದ ಸಕ್ಕರೆಗೆ ಉಳಿದ ದಾರಿಗಳಲ್ಲಿ ದೊಡ್ಡದು ಎಥೆನಾಲ್. ಡಿಸ್ಟಿಲರಿ ಕಟ್ಟಲು ಬಡ್ಡಿ ಸಹಾಯ ಕೊಟ್ಟರು, ತೈಲ ಕಂಪನಿಗಳು ಕೊಳ್ಳುವ ದರವನ್ನು ಸರ್ಕಾರವೇ ನಿಗದಿ ಮಾಡಿತು. ಜೊತೆಗೆ, ಇಂಧನಕ್ಕಾಗಿ ಎಥೆನಾಲ್ ಆಮದು ಮಾಡುವುದನ್ನು ತಡೆದರು. ಕೈಗಾರಿಕೆಗಳ ಇತರ ಬಳಕೆಗೆ ಮಾತ್ರ ತರಿಸಬಹುದು.

ಇದೇ ನಮ್ಮ ಬೇಲಿ. ಇದು ಶೇ 18, ಶೇ 20ರ ಬೇಲಿಯಲ್ಲ. ಇಂಧನದ ಮಟ್ಟಿಗೆ ಬಾಗಿಲೇ ಮುಚ್ಚಿದ ಬೇಲಿ.

ಇದರಿಂದ ಕೆಲಸ ಆಗಿದೆ. 2022ರ ಜೂನ್‌ಗೆ ಶೇ 10, 2025ಕ್ಕೆ ಶೇ 20 ಬೆರಕೆ ಮುಟ್ಟಿದೆವು. ಈ ಬೇಲಿ ಎಷ್ಟು ಎತ್ತರ ಎಂಬುದನ್ನೂ ನೋಡಬೇಕು. 2024–25ರ ಸಾಲಿನಲ್ಲಿ ಮೆಕ್ಕೆಜೋಳದ ಎಥೆನಾಲ್‌ಗೆ ನಮ್ಮಲ್ಲಿ ನಿಗದಿಯಾದ ದರ ಲೀಟರಿಗೆ 71.86 ರೂ. 2024ರ ಬಹುಪಾಲು ಸಮಯ ಅಮೆರಿಕದ ಮಾರುಕಟ್ಟೆಯಲ್ಲಿ ಎಥೆನಾಲ್ ಗ್ಯಾಲನ್‌ಗೆ 2 ಡಾಲರ್‌ಗಿಂತ ಕೆಳಗಿತ್ತು. ನಮ್ಮ ಲೆಕ್ಕಕ್ಕೆ ತಂದರೆ ಲೀಟರಿಗೆ 45 ರೂಪಾಯಿಯೂ ಆಗುವುದಿಲ್ಲ. ಹಡಗು ಬಾಡಿಗೆ, ತೆರಿಗೆ ಸೇರಿಸಿದರೂ ಅಂತರ ಉಳಿಯುತ್ತದೆ.

ಈ ಅಂತರದ ಬಿಲ್ಲು ಯಾರು ಕಟ್ಟುತ್ತಾರೆ? ಎಥೆನಾಲ್ ಕೊಳ್ಳುವ ಸರಾಸರಿ ವೆಚ್ಚ ಸಾಗಣೆ, ಜಿಎಸ್‌ಟಿ ಸೇರಿ ಲೀಟರಿಗೆ 71.32 ರೂ., ಇದು ಸಂಸ್ಕರಿಸಿದ ಪೆಟ್ರೋಲ್‌ನ ವೆಚ್ಚಕ್ಕಿಂತ ಹೆಚ್ಚು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು. ಎಥೆನಾಲ್ ಬೆರೆಸಿದರೂ ಬಂಕಿನಲ್ಲಿ ದರ ಏಕೆ ಇಳಿಯಲಿಲ್ಲ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಬೇಲಿ ಹೊರಗೆ, ಬೀಗ ಒಳಗೆ

ಬೇಲಿಯ ಖರ್ಚನ್ನು ಬಳಕೆದಾರ ಹೊರುತ್ತಿದ್ದಾನೆ, ಸರಿ. ಅದರ ಲಾಭ ರೈತನ ಕೈಗೆ ಬರುತ್ತಿದೆಯೇ? ಇಲ್ಲೇ ನಮ್ಮ ಕಥೆ ಬೇರೆಯಾಗುವುದು. ಹೊರಗಿನ ಎಥೆನಾಲ್‌ಗೆ ಬೇಲಿ ಹಾಕಿದ ಕೈಯಲ್ಲೇ ಒಳಗಿನ ಸಕ್ಕರೆಗೆ ಹಾಕುವ ಬೀಗವೂ ಇದೆ.

2021–22ರಲ್ಲಿ ಭಾರತ ಒಂದು ಕೋಟಿ ಟನ್‌ಗೂ ಹೆಚ್ಚು ಸಕ್ಕರೆ ರಫ್ತು ಮಾಡಿತ್ತು. 2022ರ ಜೂನ್‌ನಿಂದ ರಫ್ತಿಗೆ ಮಿತಿ ಬಂತು, 2023ರ ಹಂಗಾಮಿನಿಂದ ಹೆಚ್ಚುಕಡಿಮೆ ನಿಂತೇ ಹೋಯಿತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಭೀಕರ ಬರ. ಸಕ್ಕರೆ ಬೆಲೆ ಏರಬಾರದೆಂದು ಕೇಂದ್ರ ಸರ್ಕಾರ ಆ ವರ್ಷ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನೇ ನಿಲ್ಲಿಸಿತು. ಕೆಲವೇ ದಿನದಲ್ಲಿ ಸ್ವಲ್ಪ ಸಡಿಲ ಮಾಡಿ, 17 ಲಕ್ಷ ಟನ್ ಸಕ್ಕರೆಗೆ ಸಮನಾದಷ್ಟು ಮಾತ್ರ ಬಳಸಿ ಎಂದಿತು. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರು ಹಂಗಾಮಿನ ನಡುವೆ ನಿಂತರು. ಮುಂದಿನ ಸಾಲಿಗೆ ನಿರ್ಬಂಧ ತೆಗೆದರು.

ಬೀಗದ ಜೊತೆ ಇನ್ನೊಂದು ತೊಡಕು, ದರ. ಕಬ್ಬಿನ ಹಾಲಿನ ಎಥೆನಾಲ್‌ಗೆ 2022–23ರಲ್ಲಿ ಲೀಟರಿಗೆ 65.61 ರೂ. ಇತ್ತು. 2024–25ರಲ್ಲೂ ಅಷ್ಟೇ. ಅದೇ ಅವಧಿಯಲ್ಲಿ ಕಬ್ಬಿನ ಎಫ್‌ಆರ್‌ಪಿ ಕ್ವಿಂಟಲ್‌ಗೆ 305 ರೂಪಾಯಿಯಿಂದ 340ಕ್ಕೆ, 2025–26ಕ್ಕೆ 355ಕ್ಕೆ ಏರಿತು. ಟನ್ನಿಗೆ 500 ರೂ. ಹೆಚ್ಚು. ಒಂದು ಟನ್ ಕಬ್ಬಿನ ಹಾಲಿನಿಂದ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ ಎಂದುಕೊಂಡರೆ ಲೀಟರಿಗೆ 7 ರೂಪಾಯಿ ಖರ್ಚು ಏರಿದಂತೆ. ರೈತ ಹೆಚ್ಚು ದರ ಕೇಳಿದಾಗ ಕಾರ್ಖಾನೆಯವರು ಈ ಲೆಕ್ಕವನ್ನು ಮುಂದಿಡುತ್ತಾರೆ. ರೈತನ ಗೊಬ್ಬರ, ಡೀಸೆಲ್, ಕಟಾವು ಕೂಲಿಯ ಲೆಕ್ಕ ಯಾರ ಮುಂದಿಡಬೇಕು?

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂ. ಕೇಳಿ ಕೂತಾಗ ನಡೆದದ್ದು ಇದೇ. ರಾಜ್ಯ ಸರ್ಕಾರ ಸಕ್ಕರೆ ರಫ್ತು ಮಿತಿ, ಎಥೆನಾಲ್ ಹಂಚಿಕೆ ಎರಡೂ ಕೇಂದ್ರದ ಕೈಯಲ್ಲಿವೆ ಎಂದಿತು. ಕೊನೆಗೆ 3,300 ರೂಪಾಯಿಗೆ ತೀರ್ಮಾನವಾಯಿತು. 2025–26ರ ಸಾಲಿಗೆ ತೈಲ ಕಂಪನಿಗಳು ಹಂಚಿದ ಎಥೆನಾಲ್‌ನಲ್ಲಿ ಕಬ್ಬಿನ ಮೂಲದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದು ಧಾನ್ಯದ ಪಾಲು.

ಹಾಗಾದರೆ ಮೆಕ್ಕೆಜೋಳದವರು ಗೆದ್ದರೇ? 2024ರಲ್ಲಿ ಡಿಸ್ಟಿಲರಿಗಳ ಬೇಡಿಕೆಯಿಂದ ಮೆಕ್ಕೆಜೋಳದ ಬೆಲೆ ಏರಿತು. ಕೋಳಿ ಸಾಕಣೆಯವರು ಮೇವು ದುಬಾರಿ ಎಂದು ಕೂಗಿದರು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ಭಾರತ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸತೊಡಗಿತು. ಮಾಮೂಲಿ ಶೇ 50 ಸುಂಕ ಇದ್ದರೂ, 5 ಲಕ್ಷ ಟನ್ ತನಕ ಶೇ 15 ಸುಂಕದಲ್ಲಿ ತರಲು ಅವಕಾಶ ಕೊಟ್ಟರು. ಬೆಲೆ ನೋಡಿ ರೈತರು ಹೆಚ್ಚು ಬಿತ್ತಿದರು. 2025ರ ಕೊನೆಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂ. ಇದ್ದರೂ ನಮ್ಮ ಮಾರುಕಟ್ಟೆಗಳಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಯಿತು. ಖರೀದಿ ಕೇಂದ್ರಕ್ಕಾಗಿ ರೈತರು ರಸ್ತೆಗಿಳಿದರು.

ನಾವು ಏನನ್ನು ಗಮನಿಸಬೇಕು?

ಈ ಐವತ್ತು ವರ್ಷದ ಕಥೆಯಿಂದ ನಮಗೆ ಕಂಡದ್ದು ಇಷ್ಟು. ಬೇಲಿ ಬೇಕೇ ಬೇಡವೇ ಎಂದು ಕೇಳುವುದಕ್ಕಿಂತ, ಬೇಲಿ ಇರುವಷ್ಟು ದಿನ ಒಳಗೆ ಏನಾಗುತ್ತಿದೆ ಎಂದು ಕೇಳುವುದು ಮುಖ್ಯ. ಅಮೆರಿಕ ಬೇಲಿಯೊಳಗೆ ಕಾರ್ಖಾನೆ, ಇಳುವರಿ, ಮೇವಿನ ಮಾರುಕಟ್ಟೆ ಎಲ್ಲ ಕಟ್ಟಿಕೊಂಡಿತು, ಬೆರೆಸಲೇಬೇಕು ಎಂಬ ಕಾನೂನನ್ನೂ ಇಟ್ಟುಕೊಂಡಿತು. ಬೇಲಿ ಬಿದ್ದಾಗ ನಿಂತಿತು. ಬ್ರಿಟನ್ನಿನ ಕಾರ್ಖಾನೆ ಬೇಲಿಯನ್ನೇ ನೆಚ್ಚಿಕೊಂಡಿತ್ತು. ಬೇಲಿ ತೆಗೆದ ಮೂರು ತಿಂಗಳಲ್ಲಿ ಮುಚ್ಚಿತು.

ನಮ್ಮ ಬೇಲಿಯ ಮೇಲೂ ಕಣ್ಣಿದೆ. ಭಾರತ ಇಂಧನಕ್ಕೆ ಎಥೆನಾಲ್ ಬಿಟ್ಟುಕೊಳ್ಳುತ್ತಿಲ್ಲ ಎಂದು ಅಮೆರಿಕದ ವ್ಯಾಪಾರ ಇಲಾಖೆ ತನ್ನ ವಾರ್ಷಿಕ ವರದಿಯಲ್ಲೇ ಬರೆದುಕೊಂಡಿದೆ. ಅಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಬಹುಪಾಲು ಕುಲಾಂತರಿ. ಅದನ್ನು ಧಾನ್ಯವಾಗಿ ಇಲ್ಲಿಗೆ ತರಲು ಅಡ್ಡಿ ಇದೆ, ಎಥೆನಾಲ್ ರೂಪದಲ್ಲಿ ತಂದರೆ ಆ ಪ್ರಶ್ನೆಯನ್ನು ಬದಿಗೆ ಸರಿಸುವುದು ಸುಲಭ. ಬ್ರಿಟನ್ ಕಾರಿಗಾಗಿ ಎಥೆನಾಲ್ ಬಿಟ್ಟುಕೊಟ್ಟಂತೆ, ನಾಳೆ ಬಟ್ಟೆಗೋ ಔಷಧಕ್ಕೋ ಬದಲಾಗಿ ನಮ್ಮಲ್ಲೂ ಯಾರಾದರೂ ಈ ಲೆಕ್ಕ ಹಾಕಬಹುದು.

ಹಾಗಾಗಿ ಬಿತ್ತನೆಗೆ ಮುಂಚೆ ಮಳೆ ನೋಡುವಂತೆ ಮೂರು ಸುದ್ದಿ ನೋಡುವುದು ಒಳ್ಳೆಯದು. ಒಂದು, ಇಂಧನ ಎಥೆನಾಲ್ ಮತ್ತು ಮೆಕ್ಕೆಜೋಳದ ಆಮದು ನಿಯಮ. ಎರಡು, ಸಕ್ಕರೆ ರಫ್ತಿಗೆ ಆ ವರ್ಷ ಎಷ್ಟು ಅವಕಾಶ ಎಂಬುದು. ಮೂರು, ಎಥೆನಾಲ್ ಖರೀದಿ ದರ ಮತ್ತು ಕಬ್ಬು, ಧಾನ್ಯಗಳ ನಡುವಿನ ಹಂಚಿಕೆ. ಎಥೆನಾಲ್ ಸಾಲು ಶುರುವಾಗುವುದು ನವೆಂಬರ್ 1ಕ್ಕೆ. ಹಂಚಿಕೆಯ ಸುದ್ದಿ ಅದರ ಹಿಂದುಮುಂದೆಯೇ ಬರುತ್ತದೆ.

ರೈತ ಸಂಘಟನೆಗಳ ಬೇಡಿಕೆ ಪಟ್ಟಿಗೂ ಒಂದು ಸಾಲು ಸೇರಬೇಕು ಎಂಬುದು ನಮ್ಮ ಅನಿಸಿಕೆ. ಟನ್ನಿಗೆ ಎಷ್ಟು ಎಂದು ಕೇಳುವುದರ ಜೊತೆಗೆ, ಆಮದು, ರಫ್ತು, ಎಥೆನಾಲ್ ನಿಯಮಗಳನ್ನು ಹಂಗಾಮಿನ ನಡುವೆ ಬದಲಿಸಬೇಡಿ, ಬದಲಿಸುವುದಿದ್ದರೆ ನಾಟಿಗೆ ಮುಂಚೆ ಹೇಳಿ ಎಂದು ಕೇಳಬೇಕು. ಹನ್ನೆರಡು ತಿಂಗಳ ಬೆಳೆ ಬೆಳೆಯುವವರು ಇಷ್ಟು ಕೇಳುವುದು ಹೆಚ್ಚೇನಲ್ಲ.